ಕೆಳನಳಿಗೆಗೆ ತುಂಬಿದ ಉಡಿ

ನಾನು ನಿಂತಿದ್ದದ್ದು ಕಾಕಾನ ಎಡಗಡೆಗೆ, ಅವನಿಗಿಂತ ತುಸು ಹಿಂದೆ, ಸುಣ್ಣದಿಂದ ಎಳೆದ ಗೆರೆಯ ಈಚೆ. ದಿವೇ ಘಾಟಿನ ಆಚೆ, ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಗಣಿಯ ಬಯಲು ಅದು. ದಸರೆ ಮುಗಿದ ಮೇಲಿನ ಮೊದಲ ಭಾನುವಾರ, ಮುಂಜಾನೆಯ ತಂಪು ಹೋಗಿ ಕಲ್ಲುಗಳು ಆಗತಾನೇ ಕಾಯತೊಡಗಿದ ಹೊತ್ತು. ಬಿಸಿಲು ನಮ್ಮ ಬೆನ್ನಿಗಿತ್ತು. ಯಾರ ಕಣ್ಣಿಗೂ ಕುಕ್ಕುತ್ತಿರಲಿಲ್ಲ. ಕಾಕಾನ ಕೆನ್ನೆ ಬಂದೂಕಿನ ಮರಕ್ಕೆ ಒತ್ತಿತ್ತು, ಎಡಗೈ ನಳಿಗೆಯ ಕೆಳಗಿತ್ತು. ಆ ಎಡಗೈಯನ್ನೇ ನಾನು ನೋಡುತ್ತಿದ್ದೆ, ಏಕೆಂದರೆ ನನ್ನ ಕಡೆಗೆ ಇದ್ದದ್ದು ಅದೇ. ಮುಂದೆ ನಡೆದದ್ದನ್ನು ನಾನು ಬಹಳ ಸಲ ಹೇಳಿದ್ದೇನೆ. ಆದರೆ ನಮ್ಮ ಮನೆಯನ್ನು ಅರಿಯದವರಿಗೆ ಆ ಗಳಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲು ಮನೆ.

ಮಾರ್ಕೆಟ್ ಯಾರ್ಡಿನ ಹಿಂದೆ, ಸಾಲುಮನೆಗಳ ಚಾಳಿನಲ್ಲಿ, ಮೇಲಿನ ಮಹಡಿಯಲ್ಲಿ, ಒಂದರ ಹಿಂದೊಂದು ಮೂರು ಕೋಣೆಗಳು. ಗೋಕಾಕದ ಕಡೆಯಿಂದ ಬಂದ ಅಪ್ಪ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ. ಮುಂದಿನ ಕೋಣೆ ಅವನದು: ಗಾದಿ, ಲೋಡು, ಬಂದವರಿಗೆ ಚಹಾ. ನಡುವಿನ ಕೋಣೆಯಲ್ಲಿ ಅಜ್ಜಿಯ ಮಂಚ ಮತ್ತು ಕಾಕಾನ ಕಪಾಟು. ಹಿಂದಿನದು ಅಡುಗೆಮನೆ, ಅದರ ಮೂಲೆಯಲ್ಲೇ ದೇವರ ಗೂಡು. ಅಪ್ಪನ ಅಂಗಿಯಿಂದ ಹಿಡಿದು ನನ್ನ ಸಾಲೆಯ ಚೀಲದವರೆಗೆ ಎಲ್ಲಕ್ಕೂ ಬೆಲ್ಲದ ವಾಸನೆ. ಇರುವೆಗಳು ಏರದಂತೆ ಅಜ್ಜಿಯ ಮಂಚದ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡುತ್ತಿದ್ದರು. ಸಾಲೆಯಲ್ಲಿ ಹುಡುಗರು ನನ್ನನ್ನು 'ಗೂಳ' ಎಂದು ಕರೆಯುತ್ತಿದ್ದರು, ಮರಾಠಿಯಲ್ಲಿ ಬೆಲ್ಲ ಎಂದು. ನನಗೆ ಅದರಿಂದ ಬೇಸರವಾಗುತ್ತಿರಲಿಲ್ಲ. ಹೊರಗೆಲ್ಲ ಮರಾಠಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಆ ಹೊಸ್ತಿಲನ್ನು ನಾವು ದಿನಕ್ಕೆ ಎಷ್ಟೋ ಸಲ ದಾಟುತ್ತಿದ್ದೆವು, ನಾಲಿಗೆ ತಾನಾಗಿಯೇ ತಿರುಗುತ್ತಿತ್ತು.

ಶಂಕರಕಾಕಾ ಅಪ್ಪನ ತಮ್ಮ, ಮದುವೆಯಾಗಿರಲಿಲ್ಲ. ಯಂತ್ರಗಳ ನಕ್ಷೆ ತೆಗೆಯುವ ಕೆಲಸ. ಶನಿವಾರ ಭಾನುವಾರ ಬಂತೆಂದರೆ ಟ್ರ್ಯಾಪ್ ಎಂಬ ಆಟಕ್ಕೆ ಹೋಗುತ್ತಿದ್ದ. ಬಂದೂಕು ಹಿಡಿದು ನಿಂತವನು ಕೂಗಿ ಕರೆದೊಡನೆ ಹಗ್ಗ ಎಳೆಯುತ್ತಾರೆ, ಮುಂದೆ ನೆಲದ ತಗ್ಗಿನಲ್ಲಿರುವ ಒಂದು ಯಂತ್ರ ಮಣ್ಣಿನ ಬಿಲ್ಲೆಯನ್ನು ಗಾಳಿಗೆ ಎಸೆಯುತ್ತದೆ, ಅದನ್ನು ಅವನು ಹಾರುವಾಗಲೇ ಒಡೆಯಬೇಕು. ಬಿಲ್ಲೆಯನ್ನು ಅವರು ಹಕ್ಕಿ ಎನ್ನುತ್ತಾರೆ, ಆದರೆ ಜೀವವಿರುವ ಯಾವುದಕ್ಕೂ ಕಾಕಾ ಗುರಿ ಇಟ್ಟವನಲ್ಲ. ಕ್ಯಾಂಪ್ ಎಂಬ ದಂಡಿನ ಬಡಾವಣೆಯಲ್ಲಿದ್ದ ಒಬ್ಬ ವೃದ್ಧ ಪಾರ್ಸಿ ಅವನ ಆಟದ ಜೊತೆಗಾರ. ಕಣ್ಣು ಮಂದವಾದ ಮೇಲೆ ಅವರು ತಮ್ಮ ಬಂದೂಕನ್ನು ಕಾಕಾನಿಗೆ ಕೊಟ್ಟರು, ಸರಕಾರಿ ಪರವಾನಗಿಯ ಪ್ರಕಾರವೇ. ಬೆಲ್ಜಿಯಂನ ಒಂದು ಸಣ್ಣ ಕಾರ್ಖಾನೆಯಲ್ಲಿ, ಈ ಆಟಕ್ಕೆಂದೇ, ಕೈಯಿಂದ ಮಾಡಿದ್ದು. ಯಜಮಾನ ಸತ್ತ ಮೇಲೆ ಕಾರ್ಖಾನೆ ಮುಚ್ಚಿತು, ಹಾಗಾಗಿ ಅಂಥವು ಕೆಲವೇ ಇದ್ದವು. ನಮ್ಮ ಕಡೆ ಜೋಡುನಳಿಗೆ ಎಂದರೆ ಎರಡು ನಳಿಗೆ ಪಕ್ಕಪಕ್ಕದಲ್ಲಿ ಇರುತ್ತವೆ. ಇದರಲ್ಲಿ ಒಂದರ ಮೇಲೊಂದು. ಅದು ಮನೆಗೆ ಬಂದ ಸಂಜೆ ಅಜ್ಜಿ ಮಂಚದ ಮೇಲಿಂದಲೇ ಬಗ್ಗಿ ನೋಡಿದಳು.

"ಇದೇನೋ ಶಂಕರಾ, ಒಂದರ ಮ್ಯಾಲೊಂದು ಕುಂತಾವ? ಬಾಜೂಕ ಬಾಜೂ ಇರಬೇಕಲ್ಲ?"

"ಇದರ ರೀತಿನ ಹಂಗ ಅದವ್ವಾ. ಮ್ಯಾಲಿಂದು ಅತ್ತಿ, ಕೆಳಗಿಂದು ಸೊಸಿ ಅಂತ ತಿಳ್ಕೋ."

"ಮೊದಲ ಯಾವುದು ಹಾರತದ?"

"ಮೊದಲ ಸೊಸಿ ಮಾತಾಡ್ತಾಳ. ಆಕಿ ತಪ್ಪಿದ್ರ ಅತ್ತಿ."

"ಹಂಗಾರ ನಮ್ಮ ಮನಿ ಬಂದೂಕನ ಬಿಡು ಇದು," ಎಂದಳು ಅಜ್ಜಿ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸದೆ ಹೇಳಿದಳು:

"ನಮ್ಮ ಮನ್ಯಾಗ ಸೊಸಿ ತಪ್ಪೂ ತನಕಾ ಅತ್ತಿ ಎಲ್ಲಿ ಕಾಯ್ತಾರ್ರಿ?"

ಎಲ್ಲರೂ ನಕ್ಕೆವು, ಅಜ್ಜಿಯೇ ಎಲ್ಲರಿಗಿಂತ ಹೆಚ್ಚು. ಅಂದಿನಿಂದ ಬಂದೂಕಿಗೆ ಅತ್ತಿ-ಸೊಸಿ ಎಂಬ ಹೆಸರೇ ನಿಂತಿತು. ಭಾನುವಾರ ಊಟವಾದ ಮೇಲೆ ಕಾಕಾ ನಡುವಿನ ಕೋಣೆಯಲ್ಲಿ ಹಳೆಯ ಧೋತರ ಹಾಸಿ, ಬಂದೂಕನ್ನು ಮೂರು ಭಾಗವಾಗಿ ಬಿಚ್ಚಿ, ಎಣ್ಣೆ ಹಚ್ಚಿ ಒರೆಸುತ್ತಿದ್ದ. ಎಣ್ಣೆಯ ವಾಸನೆ ಬೆಲ್ಲದ ವಾಸನೆಯೊಂದಿಗೆ ಬೆರೆಯುತ್ತಿತ್ತು. ಅಜ್ಜಿ ಮಂಚದ ಮೇಲೆ ಮಲಗಿ ಅದನ್ನೇ ನೋಡುತ್ತಾ, "ಇವತ್ತ ಸೊಸಿ ಎಷ್ಟ ಒಡದ್ಲು? ಅತ್ತಿ ಎಷ್ಟ?" ಎಂದು ಕೇಳುತ್ತಿದ್ದಳು. ಸೊಸೆಯೇ ಎಲ್ಲ ಒಡೆದಳೆಂದರೆ ಒಳಗಿನಿಂದ ಅವ್ವನ ಕೆಮ್ಮು ಕೇಳುತ್ತಿತ್ತು. ಆ ಇಬ್ಬರ ನಡುವೆ ಜಗಳ ಇರಲಿಲ್ಲವೆಂದು ಹೇಳಲಾರೆ. ಉಪ್ಪು, ಒಗ್ಗರಣೆ, ಹಬ್ಬದ ಮಡಿ, ಎಲ್ಲದಕ್ಕೂ ಇತ್ತು. ಆದರೆ ನೇರವಾಗಿ ಅನ್ನಲಾಗದ್ದನ್ನು ಇಬ್ಬರೂ ಬಂದೂಕಿನ ಹೆಸರಲ್ಲಿ ಅನ್ನುತ್ತಿದ್ದರು. "ಇವತ್ತ ಸೊಸಿ ಭಾಳ ಬಿಸಿ ಆಗ್ಯಾಳ, ದೂರ ಇರ್ರಿ," ಎಂದು ಅಜ್ಜಿ ನಮಗೆ ಹೇಳಿದರೆ, ಅದು ಕಪಾಟಿನ ಮಾತಲ್ಲವೆಂದು ನಮಗೆ ತಿಳಿಯುತ್ತಿತ್ತು. ಮಾತು ನಗುವಿನಲ್ಲಿ ಮುಗಿಯುತ್ತಿತ್ತು.

ಆದರೂ ಬಂದೂಕು ಮನೆಯಲ್ಲಿರುವುದು ಅವ್ವನಿಗೆ ಬೇಡವಾಗಿತ್ತು. ನನ್ನ ತಂಗಿ ಶಾರದಾ ಆಗ ಮೂರು ವರ್ಷದವಳು. ಒಂದು ದಿನ ಕಸಬರಿಗೆಯನ್ನು ಹೆಗಲಿಗೆ ಇಟ್ಟುಕೊಂಡು ಒಂದು ಕಣ್ಣು ಮುಚ್ಚಿ ಅವ್ವನ ಕಡೆಗೆ ಗುರಿ ಹಿಡಿದು ನಿಂತಳು. ಅವ್ವ ಕಸಬರಿಗೆ ಕಸಿದುಕೊಂಡು ನೇರವಾಗಿ ಕಾಕಾನ ಮುಂದೆ ಬಂದಳು.

"ಶಂಕರಪ್ಪಾ, ಇದು ಮನ್ಯಾಗ ಬ್ಯಾಡ್ರಿ."

"ವೈನೀ, ಇದು ಮಣ್ಣಿನ ಬಿಲ್ಲಿ ಬಿಟ್ಟು ಏನೂ ಒಡದಿಲ್ಲ."

"ಮಣ್ಣಿಂದು ಒಡೀಲಿಕ್ಕೆ ನಿಮ್ಮಣ್ಣನ ಮಗ ಸಾಕು. ನಿನ್ನೆ ನೀರಿನ ಗಡಿಗಿ ಹೋತು."

ಅಪ್ಪ ನಡುವೆ ಬಂದ. ಆಗಲೇ ಆ ಬಂದೂಕಿನ ಬಗ್ಗೆ ಆಟದ ಗೆಳೆಯರಲ್ಲಿ ಒಂದು ಮಾತೆದ್ದಿತ್ತು: ನಳಿಗೆಗಳು ಬೇರೆ ಯಾವುದೋ ಬಂದೂಕಿನವು, ತಂದು ಜೋಡಿಸಿದ್ದಾರೆ, ಅಪರೂಪದ್ದೆಂಬುದು ಬರಿಯ ಹೆಸರು ಎಂದು. ಕಾಕಾ ಅದನ್ನು ನಂಬಿರಲಿಲ್ಲ, ಆದರೆ ಅದು ಅವನಿಗೆ ಚುಚ್ಚುತ್ತಿತ್ತು. ಕಡೆಗೆ ಒಪ್ಪಂದವಾಯಿತು. ತಿಳಿದವರನ್ನು ಕರೆಸಿ ಬೆಲೆ ಕಟ್ಟಿಸುವುದು. ಅಸಲು ಎಂದರೆ ಮನೆಯಲ್ಲಿ ಇರಲಿ, ಜೋಡಿಸಿದ್ದು ಎಂದರೆ ಅಂದೇ ಕೊಟ್ಟುಬಿಡುವುದು. ಕಾಕಾ ಅವ್ವನ ಕೈಮೇಲೆ ಕೈಯಿಟ್ಟು ಆಣೆ ಮಾಡಿದ. ಆ ವಾರವೆಲ್ಲ ಅವನು ಸರಿಯಾಗಿ ಉಣ್ಣಲಿಲ್ಲ. ರೊಟ್ಟಿ ಮುರಿದು, ಝುಣಕದಲ್ಲಿ ಅದ್ದಿ, ಅದ್ದಿದ್ದನ್ನು ಮರೆತು ಕೂರುತ್ತಿದ್ದ.

ಬಂದವರು ನಿಂಬಾಳಕರ ಸಾಹೇಬರು. ಸೈನ್ಯದ ಶಸ್ತ್ರಾಗಾರದಲ್ಲಿ ದುಡಿದು ನಿವೃತ್ತರಾದವರು, ಹಳೆಯ ಬಂದೂಕುಗಳಿಗೆ ಬೆಲೆ ಕಟ್ಟುವುದರಲ್ಲಿ ಹೆಸರಾದವರು. ಆ ಭಾನುವಾರ ಬೆಳಕು ಹರಿಯುತ್ತಲೇ ಬಂದು, ಚಹಾ ಆಮೇಲೆ ಎಂದು, ಕಿಟಕಿಯ ಹತ್ತಿರ ಕೂತರು. ಮೊದಲು ತಿರುಪುಗಳನ್ನು ಬೆರಳಿನಿಂದ ಸವರಿದರು. ತಿಳಿಯದ ಕೈ ಬಿಚ್ಚಿದ್ದರೆ ತಿರುಪಿನ ಸೀಳು ಕಿತ್ತಿರುತ್ತದೆ, ಇವು ಕಿತ್ತಿರಲಿಲ್ಲ. ಆಮೇಲೆ ನಳಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಬಹಳ ಹೊತ್ತು ನೋಡಿದರು. ಕಡೆಗೆ ಅವನ್ನು ಕಿರುಬೆರಳಿಗೆ ಕೊಂಡಿಯಿಂದ ತೂಗುಹಾಕಿ, "ಐಕಾ," ಕೇಳಿ ಎಂದು ಹೇಳಿ, ಗೆಣ್ಣಿನಿಂದ ಹೊಡೆದರು. ಸಣ್ಣ, ಉದ್ದವಾದ ಒಂದು ನಾದ ಎದ್ದು ಮೂರೂ ಕೋಣೆಗೆ ಹೋಯಿತು. ನಳಿಗೆಗಳ ನಡುವಿನ ಬೆಸುಗೆ ಎಲ್ಲಿಯಾದರೂ ಬಿಟ್ಟಿದ್ದರೆ ಒಡಕು ಗಡಿಗೆಯ ಸದ್ದು ಬರುತ್ತಿತ್ತಂತೆ. ಅಜ್ಜಿ ಕೈಯೆತ್ತಿ ಮುಗಿದಳು. ನಳಿಗೆಯ ಮೇಲಿನ ಅಂಕಿಯೂ ಹಿಂದಿನ ಭಾಗದ ಅಂಕಿಯೂ ಒಂದೇ ಇದ್ದವು, ಆದರೆ ಮೂರನೆಯ ಭಾಗದ ಅಂಕಿ ಸವೆದು ಹೋಗಿತ್ತು. ಹೊಡೆದು ನೋಡದೆ ಹೇಳಲಾರೆ ಎಂದರು ಸಾಹೇಬರು. ಒಟ್ಟಿಗೇ ಹುಟ್ಟಿದ ನಳಿಗೆಗಳಾದರೆ ಎರಡೂ ಒಂದೇ ಜಾಗಕ್ಕೆ ಹೊಡೆಯುತ್ತವೆ, ತಂದು ಜೋಡಿಸಿದವು ಹೊಡೆಯುವುದಿಲ್ಲ. ಹಾಗಾದರೆ ಶಂಕರ ಆಡುವ ಗಣಿಗೇ ಹೋಗೋಣ, ಎಲ್ಲರೂ ಬನ್ನಿ, ಬುತ್ತಿ ಕಟ್ಟಿರಿ ಎಂದ ಅಪ್ಪ. ಗಂಡಸರು ಮುಂದಿನ ಕೋಣೆಯಲ್ಲಿ ಚಹಾಕ್ಕೆ ಕೂತರು. ನಳಿಗೆಗಳು ಅಜ್ಜಿಯ ಮಂಚದ ಮೇಲೆ, ಧೋತರದ ಮೇಲೆ ಉಳಿದವು.

ಆಗ ನಡೆದದ್ದನ್ನು ನಾನು ನಡುವಿನ ಬಾಗಿಲಿನಲ್ಲಿ ನಿಂತು ನೋಡಿದೆ. ಅಜ್ಜಿ ಅರಿಷಿಣ ಕುಂಕುಮದ ತಟ್ಟೆ ತಂದಳು. ಎರಡೂ ನಳಿಗೆಗೆ ಕುಂಕುಮ ಹಚ್ಚಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿದಳು.

"ಪಾರವ್ವಾ, ಹಿಡಿ ಅಕ್ಕಿ ಕೊಡು. ಒಂದು ಅಡಿಕಿ, ಒಂದು ಮೆತ್ತಗಿನ ಬೆಲ್ಲದ ಹೆಂಟಿ."

"ಯಾರಿಗ್ರೀ?"

"ಸೊಸಿಗೆ. ಮನಿ ಬಿಟ್ಟು ಹೊಂಟಾಳ. ತಿರುಗಿ ಬರತಾಳೋ ಇಲ್ಲೋ ಯಾರಿಗ್ಗೊತ್ತು. ಬರೀ ಉಡೀಲೆ ಕಳಸಬಾರದು."

ಮನೆಯಿಂದ ಹೊರಡುವ ಮುತ್ತೈದೆಯ ಸೆರಗಿಗೆ ಅಕ್ಕಿ, ಅಡಿಕೆ, ಬೆಲ್ಲ ಹಾಕಿ ಕಳಿಸುವುದು ನಮ್ಮಲ್ಲಿ ರೂಢಿ. ಉಡಿ ತುಂಬಿದವಳು ತಿರುಗಿ ಬರುತ್ತಾಳೆಂದು ನಂಬಿಕೆ. ಅವ್ವ ಪ್ರತಿ ಸಲ ತವರಿಗೆ ಹೊರಟಾಗ ಅಜ್ಜಿಯೇ ತುಂಬುತ್ತಿದ್ದಳು, ಜಗಳವಾಡಿದ ದಿನವೂ ತಪ್ಪಿಸಿರಲಿಲ್ಲ. ಅವ್ವ ನಗುತ್ತಲೇ ಎಲ್ಲ ತಂದುಕೊಟ್ಟಳು. ಅಜ್ಜಿ ಅಕ್ಕಿಯನ್ನೂ ಅಡಿಕೆಯನ್ನೂ ಬೆಲ್ಲದಲ್ಲಿ ಕಲಸಿ ಉಂಡೆ ಮಾಡಿ, ಕೆಳಗಿನ ನಳಿಗೆಯ ಬಾಯಿಗೆ ಇಟ್ಟು, ಬೆರಳಿನಿಂದ ಒಳಗೆ ಒತ್ತಿದಳು, ದಾರಿಯಲ್ಲಿ ಚೆಲ್ಲದಂತೆ. ಮೇಲಿನ ನಳಿಗೆಗೆ ಏನೂ ಹಾಕಲಿಲ್ಲ. ಅತ್ತೆಯಾದವಳು ಎಲ್ಲಿಗೂ ಹೋಗುವವಳಲ್ಲ ಎಂಬುದು ಆಕೆಯ ಲೆಕ್ಕ. ನಾವು ಮೂವರೂ ಅಲ್ಲಿದ್ದೆವು, ಮೂವರಿಗೂ ಅದು ಸರಿಯಾಗಿಯೇ ಕಂಡಿತು. ಕಾಕಾ ಬಂದು ನಳಿಗೆಗಳನ್ನು ಚರ್ಮದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

ಗಣಿಯ ಬಯಲಿನಲ್ಲಿ ಅಪ್ಪ ನಾವು ಬಂದ ಟೆಂಪೋದಿಂದ ಚಾಪೆ ಇಳಿಸಿ ಹಾಸಿದ. ಅಜ್ಜಿ ಕೂತಳು, ಶಾರದಾ ಆಕೆಯ ಬೆನ್ನಿಗೆ ಒರಗಿ ಬಂದ ದಾರಿಯಲ್ಲೇ ಹಿಡಿದಿದ್ದ ನಿದ್ದೆಯನ್ನು ಮುಂದುವರಿಸಿದಳು. ಅವ್ವ ಬುತ್ತಿ ಬಿಚ್ಚುತ್ತಿದ್ದಳು. ನಿಂಬಾಳಕರ ಸಾಹೇಬರು ಮಡಿಚುವ ಕುರ್ಚಿಯಲ್ಲಿ ಕೂತಿದ್ದರು. ಬಿಲ್ಲೆ ಎಸೆಯುವ ಯಂತ್ರದ ಹಗ್ಗ ಅವರ ಕೈಯಲ್ಲಿತ್ತು. ಕಾಕಾ ಬಂದೂಕು ಜೋಡಿಸಿದ. ಬೇರೆ ದಿನವಾಗಿದ್ದರೆ ತುಂಬುವ ಮುಂಚೆ ನಳಿಗೆಯೊಳಗೆ ನೋಡುತ್ತಿದ್ದ. ಅಂದು ಸಾಹೇಬರೇ ಅಷ್ಟು ಹೊತ್ತು ನೋಡಿದ್ದರಲ್ಲ, ಮತ್ತೆ ನೋಡಿದರೆ ಅವರನ್ನು ನಂಬದಂತೆ ಆಗುತ್ತದೆ ಎಂದುಕೊಂಡನಂತೆ. ಕಾಕಾ ನೋಡಿಯೇ ಇರುತ್ತಾನೆ ಎಂದು ಸಾಹೇಬರು ಅಂದುಕೊಂಡಿದ್ದರು. ನಾನು ಸಾಹೇಬರನ್ನು, ಕಾಕಾ ಯಾವಾಗಲೂ ಹೇಳುವಂತೆ ಬಂದೂಕಿನ ಬಾಯಿಯನ್ನು ನೆಲಕ್ಕೆ ಏಕೆ ಊರಬಾರದು ಎಂದು ಕೇಳಿದೆ. ಅವರು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಬಾಯಿಯಲ್ಲಿ ಮಣ್ಣೋ ಚಿಂದಿಯೋ ಸಿಕ್ಕಿಕೊಂಡರೆ ಗುಂಡಿನ ಹೊಗೆಗೆ ಹೋಗಲು ದಾರಿ ಇರುವುದಿಲ್ಲ, ಕಬ್ಬಿಣ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಹಿಡಿದವನ ಎಡಗೈ ಉಳಿಯುವುದಿಲ್ಲ. ಅವರು ಹೇಳಿದ್ದು ಮಣ್ಣು, ಚಿಂದಿ, ಹಾಗಾಗಿ ಬೆಲ್ಲದ ಉಂಡೆ ನನಗೆ ಹೊಳೆಯಲಿಲ್ಲ. ಅಜ್ಜಿಗೆ ಅಷ್ಟು ಮರಾಠಿ ಬರುತ್ತಿರಲಿಲ್ಲ. ಅವ್ವನಿಗೆ ಬರುತ್ತಿತ್ತು.

ಆಗ ಕಾಕಾ ಬಂದೂಕನ್ನು ಹೆಗಲಿಗೆ ಏರಿಸಿಯಾಗಿತ್ತು. ನಾನು ಮೊದಲು ಹೇಳಿದ ಜಾಗಕ್ಕೆ ಹೋಗಿ ನಿಂತದ್ದು ಆಗಲೇ. ಅವನಿನ್ನೂ ಹಕ್ಕಿಯನ್ನು ಕರೆದಿರಲಿಲ್ಲ. ಹಿಂದಿನಿಂದ ಅವ್ವನ ಕೂಗು ಬಂತು. ಅತ್ತೆಯ ಎದುರಿಗೆ ಆಕೆ ಅಷ್ಟು ದೊಡ್ಡ ದನಿ ತೆಗೆದದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

"ಉಡಿ! ಶಂಕರಪ್ಪಾ, ಉಡಿ! ಉಡಿ!"

ಮರಾಠಿಯಲ್ಲಿ ಉಡೀ ಎಂದರೆ ಜಿಗಿತ. ನಮ್ಮ ಉಡಿಗೆ ಅವರು ಓಟೀ ಎನ್ನುತ್ತಾರೆ. ನಿಂಬಾಳಕರ ಸಾಹೇಬರು ಹಾವೇ ಬಂತೆಂದುಕೊಂಡರೋ ಏನೋ, ಅವ್ವ ಜಿಗಿಯಿರಿ ಎಂದು ಕೂಗಿದಳೆಂದು ತಿಳಿದು ಕುರ್ಚಿಯಿಂದ ಜಿಗಿದೇ ಬಿಟ್ಟರು. ಕುರ್ಚಿ ಮಗುಚಿತು, ಸಾಹೇಬರು ಮೊಣಕಾಲ ಮೇಲೆ ಬಿದ್ದರು, ಕೈಯಲ್ಲಿದ್ದ ಹಗ್ಗ ಜಗ್ಗಿತು. ತಗ್ಗಿನಿಂದ ಬಿಲ್ಲೆ ಚಿಮ್ಮಿ ಎತ್ತರಕ್ಕೆ ಹೋಯಿತು. ನಳಿಗೆ ಅದರ ಬೆನ್ನಿಗೆ ತಿರುಗಿದ್ದನ್ನು ನಾನು ಕಂಡೆ. ಕಾಕಾನ ಎಡಗೈ ಬೆರಳುಗಳು ಬಿಗಿದದ್ದನ್ನೂ ಕಂಡೆ. ಬಿಲ್ಲೆ ಮೇಲಕ್ಕೆ ಹೋಗಿ, ಬಾಗಿ, ಇಳಿದು, ದೂರದ ಹುಲ್ಲಿನಲ್ಲಿ ಇಡಿಯಾಗಿ ಬಿತ್ತು. ಗುಂಡು ಹಾರಲಿಲ್ಲ. ತಾನು ಕರೆಯದೆ ಹಾರಿದ ಹಕ್ಕಿಗೆ ಹೊಡೆಯಬೇಕಿಲ್ಲ ಎಂಬುದು ಆ ಆಟದ ಕಟ್ಟಳೆ, ಕಾಕಾ ಅದನ್ನು ಎಂದೂ ಮೀರಿದವನಲ್ಲ. ಅವನು ಸಿಟ್ಟಿನಿಂದ ತಲೆಯೆತ್ತಿದ.

"ಯಾರ ಬಿಟ್ಟವ್ರು ಅದನ್ನ? ನಾ ಎಲ್ಲಿ ಕರದೆ?"

"ಒಳಗ ಉಡಿ ಅದರೀ," ಅವ್ವ ಅಷ್ಟರಲ್ಲಿ ಓಡಿ ಬಂದಿದ್ದಳು. ಕೈಯಲ್ಲಿ ಮೊಸರನ್ನದ ಸೌಟು ಹಾಗೇ ಇತ್ತು. "ಸೊಸಿ ಉಡಿ. ಅತ್ತಿಯವ್ರು ತುಂಬ್ಯಾರ. ಅಡಿಕಿ ಅದ ಒಳಗ."

ಕಾಕಾ ಬಂದೂಕನ್ನು ನಡುವೆ ಬಾಗಿಸಿ ತೆರೆದು ತೋಟಾಗಳನ್ನು ತೆಗೆದು ಜೇಬಿಗೆ ಹಾಕಿದ. ನಳಿಗೆಗಳನ್ನು ಆಕಾಶಕ್ಕೆ ಹಿಡಿದು ಕಣ್ಣಿಟ್ಟ. ಹಾಗೇ ಸಾಹೇಬರ ಕೈಗೆ ಕೊಟ್ಟ. ಅವರು ಮೊಣಕಾಲಿನ ಧೂಳು ಒರೆಸಿಕೊಳ್ಳದೆ ನೋಡಿದರು. ಆಮೇಲೆ ನಾನೂ ನೋಡಿದೆ. ಮೇಲಿನದರಲ್ಲಿ ಗುಂಡಗೆ ನೀಲಿ ಆಕಾಶ. ಕೆಳಗಿನದರಲ್ಲಿ ಕತ್ತಲೆ. ಸಾಹೇಬರು ಸಲಾಕೆಯಿಂದ ಹಿಂದಿನ ಕಡೆಯಿಂದ ನೂಕಿದಾಗ ಕಂದು ಬಣ್ಣದ ಬಿರಡೆಯೊಂದು ಬಟ್ಟೆಯ ಮೇಲೆ ಬಿತ್ತು. ಅದರಲ್ಲಿ ಅಕ್ಕಿಯ ಕಾಳುಗಳು ಎದ್ದು ಕಾಣುತ್ತಿದ್ದವು. ಅಜ್ಜಿ ಚಾಪೆಯಿಂದಲೇ ಆಕ್ಷೇಪಿಸಿದಳು:

"ಯಾಕ ತಗದ್ರಿ? ಮುಟ್ಟೂ ಜಾಗಾ ಮುಟ್ಟೂ ತನಕಾ ಉಡಿ ಬಿಚ್ಚಬಾರದು."

ಕಾಕಾ ಹೋಗಿ ಆಕೆಯ ಮುಂದೆ ಕೂತು, ಸಾಹೇಬರು ಹೇಳಿದ್ದನ್ನು ಕನ್ನಡದಲ್ಲಿ ಹೇಳಿದ. ಮೆಲ್ಲಗೆ ಹೇಳಿದ, ಅರ್ಧಕ್ಕೆ ನಿಲ್ಲಿಸಿದ. ಅಜ್ಜಿ ಅವನ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಬೆರಳನ್ನು ಮಡಚಿ ಬಿಡಿಸಿ ನೋಡಿದಳು, ಹುಟ್ಟಿದ ಕೂಸಿನ ಕೈ ನೋಡುವ ಹಾಗೆ. ಅಪ್ಪ ನನ್ನನ್ನು ಹಿಡಿದುಕೊಂಡ.

ಸಾಹೇಬರು ನಳಿಗೆಯನ್ನು ನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಎಲ್ಲರಿಗೂ ಒಮ್ಮೆ ಒಳಗಿನ ಆಕಾಶ ತೋರಿಸಿದರು. ಕಾಕಾ ಬಂದೂಕನ್ನು ತಿರುಗಿ ಕೈಗೆ ತೆಗೆದುಕೊಳ್ಳಲಿಲ್ಲ, ಹಾಗಾಗಿ ಹೊಡೆದವರು ಅವರೇ, ಹಗ್ಗ ಎಳೆದವನು ಅಪ್ಪ. ಒಂದು ತಗಡಿನ ಹಾಳೆಗೂ ಹೊಡೆದರು, ಬಿಲ್ಲೆಗಳಿಗೂ ಹೊಡೆದರು. ತಗಡಿನ ಮೇಲೆ ಎರಡೂ ನಳಿಗೆಯ ಗುರುತು ಒಂದರ ಮೇಲೊಂದು ಕೂತಿತ್ತು. ಅವರು ಅದರ ಮುಂದೆ ಬಹಳ ಹೊತ್ತು ನಿಂತು, ಕಡೆಗೆ ಟೋಪಿ ತೆಗೆದರು. "ಜೋಡೀ ಅಸಲೀ ಆಹೇ," ಎಂದರು. ಒಂದೇ ಕೈ ಇವನ್ನು ಮಾಡಿದೆ, ಇಂಥದ್ದನ್ನು ತಾನು ಇನ್ನೊಂದು ಕಂಡಿಲ್ಲ ಎಂದರು. ಕಾಕಾ ಗೆದ್ದಿದ್ದ, ಆದರೆ ಅವನ ಮುಖದಲ್ಲಿ ಅದು ಕಾಣಲಿಲ್ಲ. ಊಟಕ್ಕೆ ಕೂತಾಗ ಅಜ್ಜಿ ಬಾಯಿ ಬಿಟ್ಟಳು.

"ಅಸಲಿ ಇರಲಿ ಏನರೆ ಇರಲಿ, ಅದು ಮನಿಗೆ ಬ್ಯಾಡ. ಇಲ್ಲಿಂದ ಇಲ್ಲೇ ಸಾಹೇಬರಿಗೆ ಕೊಟ್ಟುಬಿಡು ಶಂಕರಾ."

ಕಾಕಾ ತಲೆಯಾಡಿಸಿದ. ಕೊಡಲು ಅವನು ನಿಜವಾಗಿಯೂ ಸಿದ್ಧನಿದ್ದ, ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದ. ಅವ್ವ ಅಜ್ಜಿಯ ತಟ್ಟೆಗೆ ಮೊಸರನ್ನ ಬಡಿಸುತ್ತಾ, ತಲೆಯೆತ್ತದೆ ಹೇಳಿದಳು:

"ಹಂಗ ಬರೂದಿಲ್ರಿ. ಉಡಿ ತುಂಬಿಸಿಕೊಂಡಾಕಿ ತಿರುಗಿ ಮನಿಗೆ ಬರಬೇಕು. ನೀವ ಹೇಳಿಕೊಟ್ಟದ್ದು."

"ಅಯ್ಯ, ಹೊರಗ ಹಾಕ್ರಿ ಅಂದಾಕಿ ನೀನ ಅಲ್ಲೇನು?"

"ಅಂದಿದ್ದು ಬಂದೂಕಿಗೆ. ಸೊಸಿಗಲ್ಲ."

ಅಜ್ಜಿ ತಟ್ಟೆಯನ್ನು ಮುಂದೆ ಸರಿಸಿ, "ಇನ್ನಷ್ಟು ಹಾಕು," ಎಂದಳು. ಅಪ್ಪ ಗೋಡೆಯೊಳಗೆ ಕೂಡುವ ಕಬ್ಬಿಣದ ಪೆಟ್ಟಿಗೆ ಮಾಡಿಸುವುದಾಗಿ ಹೇಳಿದ. ಹೇಳಿದಂತೆ ಮಾಡಿಸಿದ, ಅದರ ಬೀಗದ ಕೈ ಅವ್ವನ ಸೊಂಟಕ್ಕೆ ಹೋಯಿತು. ಆಡಲು ಹೋಗಬೇಕಾದಾಗ ಕಾಕಾ ಅತ್ತಿಗೆಯ ಮುಂದೆ ಕೈಯೊಡ್ಡಿ ನಿಲ್ಲುತ್ತಿದ್ದ. ಅಜ್ಜಿ ಆಮೇಲೂ ಉಡಿ ತುಂಬುವುದನ್ನು ಬಿಡಲಿಲ್ಲ, ಆದರೆ ಚರ್ಮದ ಪೆಟ್ಟಿಗೆಯ ಹೊರಗಿನ ಖಾನೆಗೆ ತುಂಬುತ್ತಿದ್ದಳು. ಆ ಅಡಿಕೆಯನ್ನು ಕಾಕಾ ಆಟ ಮುಗಿದ ಮೇಲೆ ತಿನ್ನುತ್ತಿದ್ದ. ನನ್ನಲ್ಲಿ ಆದ ಬದಲಾವಣೆ ಏನೆಂದರೆ, ಯಾರಾದರೂ ಕೂಗಿದರೆ ನಾನು ಮೊದಲು ಅವರು ಯಾವ ಭಾಷೆಯಲ್ಲಿ ಕೂಗಿದರು ಎಂದು ಕೇಳಿಸಿಕೊಳ್ಳುತ್ತೇನೆ. ಹಾಗಾಗಿ ನನ್ನ ಮಾತು ನಿಧಾನವಾಯಿತು. ಗೆಳೆಯರು ಇದನ್ನು ನನ್ನ ಸ್ವಭಾವ ಎಂದುಕೊಂಡಿದ್ದಾರೆ.

ಬಂದೂಕು ಈಗ ಪರವಾನಗಿಯೊಂದಿಗೆ ನನ್ನ ಹೆಸರಿನಲ್ಲಿದೆ. ಈಚೆಗೆ ಮತ್ತೆ ಬೆಲೆ ಕಟ್ಟಿಸಬೇಕಾಗಿ ಬಂದು, ವಿಮಾನ ನಗರದಲ್ಲಿ ಕಚೇರಿ ಮಾಡಿಕೊಂಡಿರುವ ತರುಣರೊಬ್ಬರಿಗೆ ತೋರಿಸಿದೆ. ಇಂಥ ವಸ್ತುವಿಗೆ ಅದರ ಕಥೆಯೂ ಬೆಲೆಯ ಒಂದು ಭಾಗ ಎಂದು ಹೇಳಿ, ಅವರು ಎಲ್ಲವನ್ನೂ ಕೇಳಿದರು. ಕೇಳಿದ ಮೇಲೆ ವಿನಯದಿಂದಲೇ, ಇದನ್ನು ಕಂಡವರು ಬೇರೆ ಯಾರಾದರೂ ಇದ್ದಾರೆಯೇ ಎಂದರು. ಸರಿಯಾದ ಪ್ರಶ್ನೆ. ಅಜ್ಜಿ ಇಲ್ಲ, ಅಪ್ಪ ಇಲ್ಲ, ನಿಂಬಾಳಕರ ಸಾಹೇಬರು ಇಲ್ಲ. ಕಾಕಾ ಎರಡೂ ಕೈ ನೆಟ್ಟಗಿದ್ದು, ವಯಸ್ಸಾಗಿ, ನಿದ್ದೆಯಲ್ಲಿ ಹೋದ. ಶಾರದಾ ತಾನೂ ನೋಡಿದೆ ಎಂದು ಎಲ್ಲರಿಗೂ ಹೇಳುತ್ತಾಳೆ, ಆದರೆ ಆಕೆ ನಿದ್ದೆಯಲ್ಲಿದ್ದಳು, ಆಕೆಯನ್ನು ನಾನು ಸೇರಿಸುವುದಿಲ್ಲ. ಕಂಡವರಲ್ಲಿ ಇರುವವರು ನಾನು, ಮತ್ತು ಕೋಥರೂಡದ ನಮ್ಮ ಮನೆಯಲ್ಲಿ ರಸ್ತೆಯ ಕಡೆಯ ಕೋಣೆಯಲ್ಲಿರುವ ನನ್ನ ತಾಯಿ ಪಾರ್ವತಿ. ಆಕೆಯ ಕಿವಿ ಚೆನ್ನಾಗಿದೆ, ನೆನಪು ನನ್ನದಕ್ಕಿಂತ ಚೆನ್ನಾಗಿದೆ. ಸಂಶಯವಿದ್ದವರು ಬಂದು ಕೇಳಬಹುದು.